ಕಡಲ ದಾರಿಯನ್ನು ಗುಡಿಸಿದ ಹಡಗುಗಳು

ಚಾಮರಾಜನಗರದಿಂದ ತೆಂಕಣ ದಿಕ್ಕಿಗೆ ಹೊರಟ ಹೆದ್ದಾರಿಯು ಪುಣಜನೂರನ್ನು ದಾಟಿ, ಕಾಡಿನೊಳಗೆ ಸಾಗಿ, ದಿಂಬದ ಘಟ್ಟವನ್ನಿಳಿದು ಸತ್ಯಮಂಗಲದ ಬಯಲನ್ನು ಸೇರುವುದು. ಹೊನ್ನೆ, ಬೀಟೆ, ತೇಗ, ಬಿದಿರುಗಳ ಈ ಸೀಮೆಯವರಿಗೆ ಕಡಲೆಂಬುದು ಕೇಳಿದ ಮಾತೇ ಹೊರತು ಕಂಡ ವಸ್ತುವಲ್ಲ. ಆದರೂ ಘಟ್ಟದ ಅಂಚಿನಲ್ಲಿ ನಿಂತು ಕೆಳಗಣ ಬಯಲನ್ನು ನೋಡುವವರಿಗೆ ಒಂದು ಹೆಸರಿನ ಕಥೆ ನೆನಪಾಗುವುದು ಸಹಜ. ಹಿಂದಿನ ಕಾಗದಪತ್ರಗಳಲ್ಲಿ ಘಟ್ಟದ ಮೇಲಣ ನಾಡಿಗೆ ಬಾಲಾಘಾಟೆಂದೂ ಕೆಳಗಣ ನಾಡಿಗೆ ಪಾಯಿನ್‌ಘಾಟೆಂದೂ ಹೆಸರು. ಕರ್ಣಾಟಕವೆಂಬ ನಮ್ಮ ಹೆಸರು ವಿಜಯನಗರದ ಅರಸರ ಆಳಿಕೆಯೊಡನೆ ಘಟ್ಟವನ್ನಿಳಿದು, ಆರ್ಕಾಟಿನ ನವಾಬರ ಕಾಲಕ್ಕೆ ತಮಿಳು ಬಯಲಿಗೆ ಅಂಟಿಕೊಂಡು, ಇಂಗ್ಲಿಷರ ನಾಲಗೆಯಲ್ಲಿ ‘ಕರ್ನಾಟಿಕ್’ ಆಯಿತು. ಅದು ಅಲ್ಲಿಗೂ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಕಟ್ಟಿ ರಾಯಲ್ ಇಂಡಿಯನ್ ನೇವಿಗೆ ಒಪ್ಪಿಸಿದ ಒಂದು ಸಣ್ಣ ಹಡಗಿಗೆ ‘ಕರ್ನಾಟಿಕ್’ ಎಂದೇ ನಾಮಕರಣವಾಯಿತು. ‘ಡೆಕ್ಕನ್’, ‘ಕೊಂಕಣ್’ ಎಂಬವು ಅದರ ಜೊತೆಯ ಹಡಗುಗಳು. ಮುಂದೆ ‘ಕಾರವಾರ’, ‘ಭಟ್ಕಳ’ ಎಂಬ ಹೆಸರುಗಳೂ ಇದೇ ಬಗೆಯ ಹಡಗುಗಳಿಗೆ ಬಂದುವು. ಇವೆಲ್ಲವೂ ಮೈನ್‌ಸ್ವೀಪರುಗಳು; ಅಂದರೆ, ವೈರಿಯು ಕಡಲಿನಲ್ಲಿ ಅಡಗಿಸಿಟ್ಟ ಮೈನುಗಳನ್ನು ಗುಡಿಸಿ ದಾರಿಯನ್ನು ಹಸನು ಮಾಡುವ ಹಡಗುಗಳು.

ಮೈನೆಂಬುದು ಸಿಡಿಮದ್ದು ತುಂಬಿದ ಪಾತ್ರೆ. ಹಳೆಯ ಬಗೆಯದು ದೊಡ್ಡ ಹಂಡೆಯ ಗಾತ್ರದ ಉಕ್ಕಿನ ಗೋಳ. ಗೋಳವು ತೇಲಲು ಹವಣಿಸುವುದು. ಕಡಲ ತಳದಲ್ಲಿ ಕುಳಿತ ಭಾರವು ಉಕ್ಕಿನ ಹಗ್ಗದಿಂದ ಅದನ್ನು ಹಿಡಿದು, ನೀರಿನ ಮೇಲ್ಮೈಗೆ ಕೆಲವು ಅಡಿ ಕೆಳಗೆ, ಕಣ್ಣಿಗೆ ಬೀಳದಂತೆ ನಿಲ್ಲಿಸುವುದು. ಗೋಳದ ಮೈಮೇಲೆ ಸೀಸದ ಮೆತ್ತನೆಯ ಕೊಂಬುಗಳು. ಕೊಂಬಿನೊಳಗೆ ಆಮ್ಲ ತುಂಬಿದ ಗಾಜಿನ ನಳಿಗೆ. ಹಡಗು ತಾಕಿ ಕೊಂಬು ಬಾಗಿತೆಂದರೆ ಗಾಜು ಒಡೆದು, ಆಮ್ಲವು ಹರಿದು, ವಿದ್ಯುತ್ತು ಹುಟ್ಟಿ, ಮದ್ದು ಸಿಡಿಯುವುದು. ಫಿರಂಗಿಗೆ ಗುರಿಯಿಡುವವನೊಬ್ಬ ಬೇಕು. ಮೈನಿಗೆ ಯಾರೂ ಬೇಡ. ಅದನ್ನು ಇಟ್ಟವನು ಸಾವಿರಾರು ಮೈಲಿ ದೂರ ಹೋಗಿದ್ದರೂ ಅದು ತನ್ನ ಕೆಲಸವನ್ನು ಮರೆಯುವುದಿಲ್ಲ.

ಇದು ನಮ್ಮ ಕರಾವಳಿಗೆ ಮೊದಲು ಮನದಟ್ಟಾದುದು 1917ರಲ್ಲಿ. ಕಾರ್ಲ್ ಆಗಸ್ಟ್ ನೆರ್ಗರ್ ಎಂಬ ಕಪ್ತಾನನ ಕೈಕೆಳಗಿನ ‘ವುಲ್ಫ್’ ಎಂಬ ಜರ್ಮನ್ ಹಡಗು, ಸರಕಿನ ಹಡಗಿನ ವೇಷವನ್ನು ತೊಟ್ಟು, ನಾನೂರಕ್ಕೂ ಹೆಚ್ಚು ಮೈನುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಿಂದೂ ಮಹಾಸಾಗರಕ್ಕೆ ಬಂದಿತು. ಆ ವರ್ಷದ ಫೆಬ್ರವರಿಯಲ್ಲಿ ಕೊಲಂಬೊ, ಕನ್ಯಾಕುಮಾರಿ, ಮುಂಬಯಿಗಳ ಹೊರಗಣ ನೀರಿನಲ್ಲಿ ಅವನ್ನು ಬಿತ್ತಿ ತನ್ನ ದಾರಿ ಹಿಡಿಯಿತು. ನಾಲ್ಕು ತಿಂಗಳು ಕಳೆದು, ಮುಂಗಾರು ಹಿಡಿದ ಮೇಲೆ, ಜೂನ್ 23ರಂದು ‘ಮಂಗೋಲಿಯಾ’ ಎಂಬ ಪ್ರಯಾಣಿಕರ ಹಡಗು ಮುಂಬಯಿಯ ಸಮೀಪದಲ್ಲಿ ಅಂತಹ ಒಂದು ಮೈನನ್ನು ತಾಕಿ ಮುಳುಗಿತು. ಬಿತ್ತಿದವನು ಅಷ್ಟರಲ್ಲಿ ಬೇರೊಂದು ಸಾಗರದಲ್ಲಿದ್ದನು.

ಇಂತಹ ಬಿತ್ತನೆಯನ್ನು ಕೀಳುವುದು ಹೇಗೆ? ಕಟ್ಟಿದ ಮೈನಿಗೆ ಉಪಾಯವು ಸರಳ, ಕೆಲಸವು ಕಠಿಣ. ಹಡಗಿನ ಹಿಂದಣ ತುದಿಯಿಂದ ಉಕ್ಕಿನ ಉದ್ದನೆಯ ಹಗ್ಗವನ್ನು ನೀರಿಗೆ ಬಿಡುವರು. ಗಾಳಿಪಟವು ಗಾಳಿಗೆ ಓರೆಯಾಗಿ ನಿಲ್ಲುವ ಹಾಗೆ, ಹಗ್ಗಕ್ಕೆ ಕಟ್ಟಿದ ಚೌಕಟ್ಟೊಂದು ನೀರಿನ ಒತ್ತಡಕ್ಕೆ ಓರೆಯಾಗಿ ಅದರ ಹೊರತುದಿಯನ್ನು ಪಕ್ಕಕ್ಕೆ ಎಳೆಯುವುದು. ಇನ್ನೊಂದು ಚೌಕಟ್ಟು ಒಳತುದಿಯನ್ನು ಆಳಕ್ಕೆ ಒತ್ತುವುದು. ಬಾವುಟ ಕಟ್ಟಿದ ಒಂದು ತೇಲುಬುಂಡೆ ಹೊರತುದಿಯು ಎಲ್ಲಿದೆಯೆಂಬುದನ್ನು ಮೇಲಿನಿಂದ ತೋರಿಸುವುದು. ಹೀಗೆ ಹರಡಿದ ಹಗ್ಗವು ಮೈನಿನ ಕಟ್ಟುಹಗ್ಗವನ್ನು ಸಂಧಿಸಿದರೆ, ಅದು ಜಾರುತ್ತ ಬಂದು ಕತ್ತರಿಯ ಬಾಯಿಗೆ ಬೀಳುವುದು. ಕಟ್ಟು ಹರಿದ ಮೈನು ಮೇಲೆ ತೇಲಿದಾಗ ನಾವಿಕರು ಬಂದೂಕಿನಿಂದ ಹೊಡೆದು ಅದನ್ನು ಮುಳುಗಿಸುವರು ಇಲ್ಲವೆ ಸಿಡಿಸುವರು.

ಒಂದೇ ಹಡಗಿನಿಂದ ಈ ಕೆಲಸ ಸಾಗದು. ನಮ್ಮ ಹೊಲಗಳಲ್ಲಿ ನಾಲ್ಕಾರು ನೇಗಿಲುಗಳು ಒಂದರ ಹಿಂದೆ ಒಂದು ಓರೆಯಾಗಿ ಸಾಗಿ, ಮುಂದಿನದು ಬಿಟ್ಟ ಸಾಲಿನ ಪಕ್ಕಕ್ಕೆ ಹಿಂದಿನದು ಸಾಲು ಹೊಡೆಯುವುದಿಲ್ಲವೆ? ಗುಡಿಸುವ ಹಡಗುಗಳ ನಡೆಯೂ ಅದೇ. ಹಿಂದಿನ ಹಡಗು ಮುಂದಿನದು ಗುಡಿಸಿದ ನೀರಿನಲ್ಲಿಯೇ ಸಾಗುತ್ತ ತನ್ನ ಹಗ್ಗವನ್ನು ಹೊರಗೆ ಚಾಚುವುದು. ಮುಂಚೂಣಿಯದೊಂದು ಮಾತ್ರ ಗುಡಿಸದ ನೀರಿನಲ್ಲಿ ಹೋಗಬೇಕು. ಅದರ ಮುಂದೆ ಯಾರೂ ಇಲ್ಲ. ಈ ಸಾಲು ಕದಲಬಾರದು. ಹಿಂದಿನ ಹಡಗು ತುಸು ಹೊರಕ್ಕೆ ಜರುಗಿದರೆ ಮೈನಿನ ಮೇಲೆಯೇ ಹೋದೀತು. ಒಳಕ್ಕೆ ಜರುಗಿದರೆ ಗುಡಿಸದ ಪಟ್ಟಿಯೊಂದು ಉಳಿದು, ನಾಳೆ ಅದರಲ್ಲಿ ಸರಕಿನ ಹಡಗೊಂದು ಬಂದೀತು. ಹಗಲಿರುಳು, ಮಳೆ ಗಾಳಿಯಲ್ಲಿ, ಹೊಯ್ದಾಡುವ ಸಣ್ಣ ಹಡಗನ್ನು ಈ ಲೆಕ್ಕಕ್ಕೆ ತಪ್ಪದಂತೆ ನಡೆಸುವುದೇ ಈ ವಿದ್ಯೆಯ ಬಹುಭಾಗ. ಹೊಸಬನು ಕಲಿಯುವುದು ಹಗ್ಗವನ್ನು ಬಿಡುವುದು, ಹಗ್ಗವನ್ನು ಸೆಳೆಯುವುದು, ಗುಡಿಸಿದ ಪಟ್ಟಿಯ ಅಂಚಿಗೆ ಬಾವುಟದ ತೇಲುಗುರುತುಗಳನ್ನು ಇಡುವುದು, ಮತ್ತೆ ಹಗ್ಗವನ್ನು ಬಿಡುವುದು. ಬಿಗಿದ ಉಕ್ಕಿನ ಹಗ್ಗವು ತುಂಡಾದರೆ ಚಾಟಿಯಂತೆ ಬೀಸಿ ಕೈಕಾಲು ಕತ್ತರಿಸಬಲ್ಲುದು. ಆದುದರಿಂದ ಎಲ್ಲಿ ನಿಲ್ಲಬಾರದೆಂಬುದೂ ಅಲ್ಲಿ ಒಂದು ಪಾಠವೇ. ಇಷ್ಟೆಲ್ಲ ಮಾಡಿದ ದಿನದ ಕೊನೆಗೆ ದಿನಚರಿಯಲ್ಲಿ ಬರೆಯತಕ್ಕುದು ಬಹುಮಟ್ಟಿಗೆ ಒಂದೇ ಮಾತು: ಏನೂ ಸಿಗಲಿಲ್ಲ. ಇದು ಸೋಲಿನ ವರದಿಯಲ್ಲ.

1939ರಲ್ಲಿ ಈ ವಿದ್ಯೆಯನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಜರ್ಮನರು ತಾಕದೆಯೇ ಸಿಡಿಯುವ ಮೈನನ್ನು ಬಳಕೆಗೆ ತಂದರು. ಅದು ತಳದಲ್ಲಿ ಮಲಗಿದ್ದು, ಮೇಲೆ ಹಾಯುವ ಉಕ್ಕಿನ ಹಡಗಿನ ಕಾಂತಶಕ್ತಿಯನ್ನರಿತು ಸಿಡಿಯುವುದು. ಕತ್ತರಿಸಲು ಅದಕ್ಕೆ ಕಟ್ಟುಹಗ್ಗವೇ ಇಲ್ಲ. ಆ ವರ್ಷದ ನವೆಂಬರ್ 23ರಂದು ಇಂಗ್ಲೆಂಡಿನ ಷೂಬರಿನೆಸ್ ಎಂಬಲ್ಲಿ ಇಳಿತದ ಕೆಸರಿನಲ್ಲಿ ಸಿಕ್ಕ ಅಂತಹ ಮೈನನ್ನು ಜಾನ್ ಊವ್ರಿ ಎಂಬ ಅಧಿಕಾರಿ ಬಿಚ್ಚಿ ನೋಡಿದ ಮೇಲೆ ಗುಟ್ಟು ಬಯಲಾಯಿತು. ಹಡಗುಗಳ ಹಿಂದೆ ತೇಲುವ ವಿದ್ಯುತ್ ತಂತಿಗಳನ್ನೆಳೆದು, ಅವುಗಳಲ್ಲಿ ಪ್ರವಾಹವನ್ನು ಹರಿಸಿ, ಮೈನನ್ನು ಮೋಸಗೊಳಿಸಿ ದೂರದಲ್ಲಿಯೇ ಸಿಡಿಸುವ ಉಪಾಯವು ಬಂದಿತು. ಅದಕ್ಕೆ ಉತ್ತರವಾಗಿ, ಹಾಯ್ದ ಹಡಗುಗಳನ್ನು ಎಣಿಸಿ, ಮೊದಲಿನ ಕೆಲವನ್ನು ಬಿಟ್ಟು, ಅನಂತರದ್ದಕ್ಕೆ ಸಿಡಿಯುವ ಮೈನು ಹುಟ್ಟಿತು. ಒಂದು ಸಲ ಗುಡಿಸಿದ ನೀರು ಗುಡಿಸಿದಂತಾಗದೆ, ಅದೇ ದಾರಿಯನ್ನು ಮತ್ತೆ ಮತ್ತೆ ಗುಡಿಸಬೇಕಾಯಿತು.

ಈ ಕೆಲಸಕ್ಕೆಂದು ರಾಯಲ್ ಇಂಡಿಯನ್ ನೇವಿಯು ಪಡೆದ ಹಡಗುಗಳಲ್ಲಿ ಆಸ್ಟ್ರೇಲಿಯಾದಲ್ಲಿ ಕಟ್ಟಿದವು ನಾಲ್ಕು: ಬಾಂಬೆ, ಮದ್ರಾಸ್, ಬೆಂಗಾಲ್, ಪಂಜಾಬ್. ಇವುಗಳಲ್ಲಿ ‘ಬೆಂಗಾಲ್’ ಸಿಡ್ನಿಯಲ್ಲಿ 1942ರ ಮೇ ತಿಂಗಳಿನಲ್ಲಿ ನೀರಿಗಿಳಿದು ಆಗಸ್ಟಿನಲ್ಲಿ ಸೇವೆಗೆ ಸೇರಿತು. ಸುಮಾರು 650 ಟನ್ನಿನ ಹಡಗು. ಹೇಳಿಕೊಳ್ಳತಕ್ಕ ಫಿರಂಗಿಯೆಂದರೆ 76 ಮಿಲ್ಲಿಮೀಟರಿನದೊಂದು. ಹೊಸ ಹಡಗು, ಹೊಸ ನಾವಿಕರು. ಪಳಗಲು ಸಿಕ್ಕಿದ್ದು ಮೂರೇ ತಿಂಗಳು. ನವೆಂಬರ್ 5ರಂದು ‘ಒಂಡಿನಾ’ ಎಂಬ ಡಚ್ಚರ ಎಣ್ಣೆ ಹಡಗಿಗೆ ಬೆಂಗಾವಲಾಗಿ ಫ್ರೀಮ್ಯಾಂಟಲ್ ರೇವನ್ನು ಬಿಟ್ಟಿತು. ಆರನೆಯ ದಿನ, 11ರಂದು, ಕೋಕೋಸ್ ದ್ವೀಪಗಳ ನೈರುತ್ಯಕ್ಕೆ ಜಪಾನಿನ ಎರಡು ಹಡಗುಗಳು ಎದುರಾದುವು: ‘ಹೊಕೊಕು ಮಾರು’, ‘ಐಕೊಕು ಮಾರು’, ಒಂದೊಂದೂ ಹತ್ತು ಸಾವಿರ ಟನ್ನಿಗೆ ಮೇಲ್ಪಟ್ಟುದು, 140 ಮಿಲ್ಲಿಮೀಟರಿನ ಹಲವು ಫಿರಂಗಿಗಳುಳ್ಳದ್ದು. ಲೆಫ್ಟಿನೆಂಟ್ ಕಮಾಂಡರ್ ವಿಲ್ಸನ್ ಎಣ್ಣೆ ಹಡಗಿಗೆ ತಪ್ಪಿಸಿಕೊಳ್ಳಲು ಹೇಳಿ, ತನ್ನ ಪುಟ್ಟ ಹಡಗನ್ನು ವೈರಿಯ ಕಡೆಗೇ ತಿರುಗಿಸಿದನು. ಒಂಡಿನಾ ಓಡದೆ ತನ್ನ ಒಂದೇ ಫಿರಂಗಿಯಿಂದ ಗುಂಡು ಹಾರಿಸಿತು. ಹೊಕೊಕು ಮಾರುವಿನ ಹಿಂಭಾಗಕ್ಕೆ ಗುಂಡು ತಗಲಿ ಬೆಂಕಿ ಹೊತ್ತಿ, ಅದು ಸಿಡಿದು ಮುಳುಗಿತು. ಯಾರ ಗುಂಡೆಂಬ ವಾದವು ಬಹುಕಾಲ ನಡೆಯಿತು. ಹೆಚ್ಚಿನವರು ಕೀರ್ತಿಯನ್ನು ಒಂಡಿನಾಕ್ಕೆ ಕೊಡುವರು. ಮದ್ದುಗುಂಡು ತೀರುತ್ತ ಬಂದ ಬೆಂಗಾಲ್ ಹೊಗೆಯ ಮರೆಯಲ್ಲಿ ದೂರ ಸರಿದು ಡಿಯಾಗೊ ಗಾರ್ಸಿಯಾವನ್ನು ಮುಟ್ಟಿತು. ಒಂಡಿನಾದ ಕಪ್ತಾನ ಹಾರ್ಸ್‌ಮನ್ ಮಡಿದನು. ಅದರ ನಾವಿಕರು ದೋಣಿಗಳಿಗಿಳಿದು, ಅಲ್ಲಿಯೂ ಗುಂಡಿನ ಮಳೆಯನ್ನು ಸಹಿಸಿ, ವೈರಿಯು ಹೋದ ಮೇಲೆ ಮುಳುಗದೆ ಉಳಿದ ತಮ್ಮ ಹಡಗನ್ನು ಮತ್ತೆ ಹತ್ತಿ ಫ್ರೀಮ್ಯಾಂಟಲಿಗೆ ಹಿಂದಿರುಗಿದರು.

ಬೆಂಗಾಲ್ ಎಂಬ ಹೆಸರನ್ನು ಚರಿತ್ರೆಯು ಇಂದಿಗೂ ನೆನೆಯುವುದು ಈ ಒಂದು ದಿನಕ್ಕಾಗಿ. ಎಂದರೆ, ಆ ಹಡಗು ತಾನು ಹುಟ್ಟಿದ ಕೆಲಸವನ್ನು ಮಾಡದಿದ್ದ ದಿನಕ್ಕಾಗಿ. ಅದರ ಶೌರ್ಯವನ್ನು ಕುಂದಿಸುವ ಮಾತಲ್ಲ ಇದು. ಆದರೆ 1945ರಲ್ಲಿ ಜಪಾನು ಶರಣಾದ ಮೇಲೆ ಇದೇ ನೌಕಾಬಲದ ಮೈನ್‌ಸ್ವೀಪರುಗಳು ಮಲಾಯದ ಕರಾವಳಿಯ ಜಲಮಾರ್ಗಗಳನ್ನು ಗುಡಿಸಿ, ಸೇನೆ ಇಳಿಯಲಿಕ್ಕೂ ಸರಕು ಸಾಗಲಿಕ್ಕೂ ದಾರಿ ಮಾಡಿಕೊಟ್ಟುದನ್ನು ಎಷ್ಟು ಮಂದಿ ಬಲ್ಲರು? ಯುದ್ಧ ಮುಗಿದಿತ್ತು, ಮೈನಿಗೆ ಅದು ತಿಳಿದಿರಲಿಲ್ಲ. ದೇಶದಲ್ಲೆಲ್ಲ ನಾವಿಕರ ಬಂಡಾಯವೆದ್ದ 1946ರ ಫೆಬ್ರವರಿಯಲ್ಲಿ ಇಂತಹ ಒಂದು ತಂಡವು ಅಂಡಮಾನಿನಲ್ಲಿತ್ತು. ಬೆಂಗಾಲ್, ಡೆಕ್ಕನ್, ಬಿಹಾರ್ ಮೊದಲಾದ ಹಡಗುಗಳವರು ಅಲ್ಲಿಯೇ ಮುಷ್ಕರವನ್ನು ಸೇರಿದರು.

ಸ್ವಾತಂತ್ರ್ಯದ ಬಳಿಕ, 1956ರಲ್ಲಿ, ಬ್ರಿಟನ್ನಿನಿಂದ ನಾಲ್ಕು ಹೊಸ ಮೈನ್‌ಸ್ವೀಪರುಗಳು ಬಂದುವು: ಕಾರವಾರ, ಕಣ್ಣಾನೂರು, ಕಡಲೂರು, ಕಾಕಿನಾಡ. ದೊಡ್ಡ ಹಡಗಿಗೆ ದೊಡ್ಡ ನಾಡಿನ ಹೆಸರು, ಸಣ್ಣ ಹಡಗಿಗೆ ಸಣ್ಣ ರೇವಿನ ಹೆಸರು. ಕಾರವಾರವು ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡಿಗರ ರಾಜ್ಯವನ್ನು ಸೇರಿದುದೂ, ಈಗ ಚಾಮರಾಜನಗರ ಜಿಲ್ಲೆಗೆ ಸೇರಿದ ಕೊಳ್ಳೇಗಾಲವು ಕೊಯಮತ್ತೂರಿನಿಂದ ಬಂದುದೂ ಅದೇ ವರ್ಷದ ನವೆಂಬರ್ 1ರಂದು. ಈ ಹಡಗುಗಳ ಮೈಯನ್ನು ತಿಳಿದರೆ ಕಾಡಿನ ಸೀಮೆಯವರಿಗೆ ಆಶ್ಚರ್ಯವಾದೀತು: ಅದು ಮರದ್ದು. ಕಾಂತಕ್ಕೆ ಸಿಡಿಯುವ ಮೈನಿನ ಮೇಲೆ ಉಕ್ಕಿನ ಹಡಗನ್ನು ನಡೆಸುವಂತಿಲ್ಲ; ಆದುದರಿಂದ ಅಲ್ಯೂಮಿನಿಯಮ್ಮಿನ ಹಂದರಕ್ಕೆ ಮಹಾಗನಿಯ ಹಲಗೆಗಳನ್ನು ಎರಡು ಪದರವಾಗಿ ಹೊದಿಸಿದ್ದರು. ಜೆಟ್ ವಿಮಾನಗಳ ಕಾಲದಲ್ಲಿ ಯುದ್ಧವಿದ್ಯೆಯು ಮತ್ತೆ ಬಡಗಿಯ ಮನೆಯ ಬಾಗಿಲಿಗೆ ಬಂದು ನಿಂತಿತು.

1961ರ ನವೆಂಬರಿನಲ್ಲಿ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಿಂದ ಪೋರ್ಚುಗೀಸರು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಕಾರವಾರದ ಕಡೆಯ ಬೆಸ್ತರವನೊಬ್ಬನು ಅವರ ಗುಂಡಿಗೆ ಬಲಿಯಾದನು. ಡಿಸೆಂಬರ್ 18ರಂದು ಗೋವೆಯ ವಿಮೋಚನೆಗೆ ಸೇನೆ ನಡೆದಾಗ, ‘ಮೈಸೂರು’ ಮತ್ತು ‘ತ್ರಿಶೂಲ’ ಎಂಬ ಯುದ್ಧನೌಕೆಗಳ ನಾವಿಕರು ಆ ದ್ವೀಪದಲ್ಲಿಳಿದರು. ಏಳು ಮಂದಿ ಅಲ್ಲಿ ಪ್ರಾಣವನ್ನೊಪ್ಪಿಸಿದರು. ಮರುದಿನ ದ್ವೀಪವು ಕೈವಶವಾಯಿತು. ಅದೇ ಕಾರ್ಯಾಚರಣೆಯಲ್ಲಿ ಕಾರವಾರ, ಕಾಕಿನಾಡ, ಕಣ್ಣಾನೂರು, ಬಿಮ್ಲಿಪಟ್ಟಣ ಎಂಬ ನಾಲ್ಕು ಹಡಗುಗಳು ಮೈನು ಗುಡಿಸುವ ತಂಡವಾಗಿ ನಿಯುಕ್ತವಾಗಿದ್ದುವು. ಮೈಸೂರು ನೌಕೆಯ ಕಥೆಯನ್ನು ಹೇಳದ ಪುಸ್ತಕವಿಲ್ಲ. ಕಾರವಾರ ನೌಕೆಗೆ ದೊರೆತುದು ಹಡಗುಗಳ ಪಟ್ಟಿಯಲ್ಲಿ ಒಂದು ಸಾಲು.

ಕಡಲತೀರಕ್ಕೆ ಹೊಂದಿಕೊಂಡು ಗುಡಿಸುವ ‘ಭಟ್ಕಳ’ವನ್ನು 1960ರ ದಶಕದಲ್ಲಿ ಮುಂಬಯಿಯ ಮಝಗಾಂವ್ ಹಡಗುಕಟ್ಟೆಯಲ್ಲಿ ಕಟ್ಟಿದರು. 1971ರ ಯುದ್ಧವಾದ ಮೇಲೆ ಚಿತ್ತಗಾಂಗ್ ರೇವಿನ ದಾರಿಯಲ್ಲಿ ಪಾಕಿಸ್ತಾನವು ಹಾಕಿದ್ದ ಮೈನುಗಳು ಹೊಸ ಬಾಂಗ್ಲಾದೇಶದ ಉಸಿರನ್ನೇ ಕಟ್ಟಿದುವು. ಹಸಿದ ದೇಶಕ್ಕೆ ಧಾನ್ಯ ಬರಬೇಕಾದುದು ಅದೇ ದಾರಿಯಿಂದ. ಮೊದಲು ಭಾರತದ ಹಡಗುಗಳು ಕಿರಿದಾದ ಒಂದು ಮಾರ್ಗವನ್ನು ತೆರೆದುವು. ಬಳಿಕ 1972ರ ಏಪ್ರಿಲಿನಿಂದ 1974ರ ಜೂನಿನವರೆಗೆ ಸೋವಿಯತ್ ತಂಡವೊಂದು ಮೈನುಗಳನ್ನೂ ಮುಳುಗಿದ ಹಡಗುಗಳನ್ನೂ ತೆಗೆಯಿತು. ಹದಿನಾಲ್ಕು ದಿನಗಳಲ್ಲಿ ಮುಗಿದ ಯುದ್ಧಕ್ಕೆ ಎರಡು ವರ್ಷಕ್ಕೂ ಮೀರಿದ ಕಸಬರಿಕೆಯ ಕೆಲಸ! ಆ ತಂಡದ ಯೂರಿ ರೆದ್ಕಿನ್ ಎಂಬ ತರುಣ ನಾವಿಕನ ಸಮಾಧಿಯು ಚಿತ್ತಗಾಂಗಿನ ಪತೇಂಗಾದಲ್ಲಿದೆ.

ಎರಡನೆಯ ‘ಕಾರವಾರ’ವು ಸೋವಿಯತ್ ದೇಶದಿಂದ ಬಂದ ಹನ್ನೆರಡು ಹಡಗುಗಳಲ್ಲೊಂದು, 1986ರ ಜುಲೈ 14ರಂದು ಬಾಲ್ಟಿಕ್ ಕಡಲಿನ ರೀಗಾ ಪಟ್ಟಣದಲ್ಲಿ ಭಾರತದ ಧ್ವಜವನ್ನೇರಿಸಿತು. ಬಹುಕಾಲ ವಿಶಾಖಪಟ್ಟಣದಲ್ಲಿದ್ದು, ಅನಂತರ ಮುಂಬಯಿಗೆ ಬಂದು, ಮೂವತ್ತು ವರ್ಷಗಳ ದುಡಿಮೆಯ ಬಳಿಕ 2017ರ ಮೇ 9ರಂದು ಕಾಕಿನಾಡದೊಡನೆ ನಿವೃತ್ತವಾಯಿತು. 2019ರ ಏಪ್ರಿಲಿನಲ್ಲಿ ‘ಕೋಝಿಕ್ಕೋಡ್’ ತೆರಳಿದಾಗ ಆ ಹನ್ನೆರಡರಲ್ಲಿ ಒಂದೂ ಉಳಿಯಲಿಲ್ಲ. ನೌಕಾಬಲದಲ್ಲಿ ಮೈನ್‌ಸ್ವೀಪರೆಂಬ ಹಡಗೇ ಇಲ್ಲವಾಯಿತು. ಬದಲಿ ಹಡಗುಗಳನ್ನು ಪಡೆಯುವ ಮಾತುಕತೆಯು ಅದಕ್ಕೂ ಮುಂಚೆ ಹಲವು ವರ್ಷ ನಡೆದು, ಒಮ್ಮೆಗಿಂತ ಹೆಚ್ಚು ಸಲ ಮುರಿದುಬಿದ್ದಿತ್ತು. ಹೊಸ ಹಡಗುಗಳಿಗೆ ರಕ್ಷಣಾ ಇಲಾಖೆಯ ಪ್ರಾಥಮಿಕ ಒಪ್ಪಿಗೆ ದೊರೆತುದು 2025ರ ಜುಲೈಯಲ್ಲಿ. ಕಾರವಾರದಲ್ಲಿ ಈಗ ಬನವಾಸಿಯ ಅರಸರ ಹೆಸರನ್ನು ಹೊತ್ತ ‘ಕದಂಬ’ ನೌಕಾನೆಲೆಯಿದೆ. ಅಂಜದೀವ್ ದ್ವೀಪವನ್ನು ಕಲ್ಲಿನ ಅಲೆತಡೆಯೊಂದು ದಡಕ್ಕೆ ಕೂಡಿಸಿದೆ. ದೊಡ್ಡ ಹಡಗುಗಳು ಅದರ ಮರೆಯಿಂದ ಹೊರಟು, ಹಿಂದೆ ಸಾಬರಮತಿಯು ಹಾದ ನೀರಿನಲ್ಲಿಯೇ ಹೊರಗಣ ಕಡಲಿಗೆ ಹೋಗುತ್ತವೆ.