ಲೆಸ್ಲಿಯ ಡಬ್ಬಿ ಹೇಳಿದ ಕಥೆ

ಬೆಳಗಿದ ತಂಬಿಗೆ ಒಂದು, ಮೈಯೆಲ್ಲ ಮಸಿ ಹಿಡಿದ ತಂಬಿಗೆ ಇನ್ನೊಂದು. ಎರಡರಲ್ಲೂ ಸಮನಾಗಿ ಬಿಸಿನೀರು ತುಂಬಿಟ್ಟರೆ ಯಾವುದು ಬೇಗ ತಣಿಯುತ್ತದೆ? ಮಸಿ ಹಿಡಿದದ್ದು. ಏಕೆಂದರೆ ಅದರ ಮೈ ಹೆಚ್ಚು ಶಾಖವನ್ನು ಹೊರಸೂಸುತ್ತದೆ.

ಈ ವ್ಯತ್ಯಾಸವನ್ನು ಅಳತೆಗೆ ತಂದವರು ಸ್ಕಾಟ್ಲೆಂಡಿನ ಜಾನ್ ಲೆಸ್ಲಿ. ಅವರ ಗ್ರಂಥ ಪ್ರಕಟವಾದದ್ದು 1804ರಲ್ಲಿ. ತಗಡಿನ ಚೌಕ ಡಬ್ಬಿಯಲ್ಲಿ ಬಿಸಿನೀರು ತುಂಬಿ, ಅದರ ಒಂದು ಮೈಯನ್ನು ಹೊಳಪಾಗಿಯೇ ಬಿಟ್ಟು, ಇನ್ನೊಂದಕ್ಕೆ ದೀಪದ ಮಸಿ, ಮತ್ತೊಂದಕ್ಕೆ ಬರೆಯುವ ಕಾಗದ ಹಚ್ಚಿದರು. ಒಂದೊಂದು ಮೈಯಿಂದ ಬರುವ ಶಾಖವನ್ನು ನಿಮ್ನ ದರ್ಪಣದಿಂದ ಉಷ್ಣಮಾಪಕದ ಮೇಲೆ ಬೀಳಿಸಿ ಅಳೆದರು. ಮಸಿಯದನ್ನು 100 ಎಂದಿಟ್ಟುಕೊಂಡರೆ ಹೊಳೆಯುವ ತಗಡಿನದು ಕೇವಲ 12. ಕಾಗದದ್ದೋ 98! ಶಾಖದ ವಿಷಯದಲ್ಲಿ ಕಣ್ಣಿನ ಸಾಕ್ಷ್ಯವನ್ನು ನಂಬುವಂತಿಲ್ಲ. ಚೆನ್ನಾಗಿ ಶಾಖ ಹೀರುವ ವಸ್ತುವೇ ಚೆನ್ನಾಗಿ ಹೊರಸೂಸುತ್ತದೆ ಎಂಬುದನ್ನು 1859ರಲ್ಲಿ ಜರ್ಮನಿಯ ಗುಸ್ತಾವ್ ಕಿರ್ಖಾಫ್ ನಿಯಮವಾಗಿ ರೂಪಿಸಿದರು.

ಹಾಗಾದರೆ ಕಣ್ಣಿಗೇ ಕಾಣದ ಅನಿಲಗಳ ಗತಿಯೇನು? 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಎಲ್ಲಕ್ಕಿಂತ ಹೆಚ್ಚು ಬಿಸಿಯಾದದ್ದು ಇಂಗಾಲದ ಡೈಆಕ್ಸೈಡ್. ಸುಮಾರು 52 ಡಿಗ್ರಿ ಸೆಲ್ಸಿಯಸ್. ಗಾಳಿಯಲ್ಲಿ ಈ ಅನಿಲ ಹೆಚ್ಚಿದರೆ ಭೂಮಿಯೂ ಬಿಸಿಯಾದೀತೆಂದು ಅವರು ತರ್ಕಿಸಿದರು. ವಿಜ್ಞಾನಿಗಳ ಸಭೆಯಲ್ಲಿ ಅವರ ಪ್ರಬಂಧವನ್ನು ಓದಿದವರು ಜೋಸೆಫ್ ಹೆನ್ರಿ. ಮುಂದೆ 2011ರವರೆಗೆ ಫೂಟ್ ಅವರ ಹೆಸರು ಬಹುಮಟ್ಟಿಗೆ ಮರೆತೇಹೋಗಿತ್ತು.

ಆದರೆ ಬಿಸಿಲಿನಲ್ಲಿ ಬೆಳಕೂ ಇದೆ, ಕಾಣದ ಶಾಖಕಿರಣವೂ ಇದೆ. ಇವೆರಡನ್ನು ಬೇರ್ಪಡಿಸಿ ನೋಡಿದವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಜಾನ್ ಟಿಂಡಾಲ್. 1859ರಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ ಅವರು ಶಾಖದ ಮೂಲವಾಗಿ ಬಳಸಿದ್ದು ಕುದಿಯುವ ನೀರಿನ ಅದೇ ಲೆಸ್ಲಿ ಡಬ್ಬಿಯನ್ನು! ಗಾಜು ಇಂಥ ಶಾಖವನ್ನು ತಡೆಯುವುದರಿಂದ ಕೊಳವೆಯ ತುದಿಗಳಿಗೆ ಕಲ್ಲುಪ್ಪಿನ ಬಿಲ್ಲೆ ಜೋಡಿಸಿದರು. ಆಮ್ಲಜನಕ, ಸಾರಜನಕಗಳು ಶಾಖವನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟುಕೊಟ್ಟವು. ನೀರಾವಿ, ಇಂಗಾಲದ ಡೈಆಕ್ಸೈಡ್ ಅದನ್ನು ಹೀರಿಕೊಂಡವು.

ಹೀರಿದ ಅನಿಲ ಸುಮ್ಮನಿರುವುದಿಲ್ಲ. ನೆಲದಿಂದ ಮೇಲೇರುವ ಶಾಖವನ್ನು ಹೀರಿ, ಒಂದಷ್ಟನ್ನು ಮತ್ತೆ ನೆಲದತ್ತ ಸೂಸುತ್ತದೆ. ಗಾಳಿಯ ನೀರಾವಿಯನ್ನು ಬೇಸಿಗೆಯ ಒಂದೇ ರಾತ್ರಿ ತೆಗೆದುಬಿಟ್ಟರೂ ಇಂಗ್ಲೆಂಡಿನ ಸಸ್ಯಗಳು ಚಳಿಗೆ ಸತ್ತಾವೆಂದು ಟಿಂಡಾಲ್ ಎಚ್ಚರಿಸಿದ್ದರು. ಹೊದಿಕೆ ಇಲ್ಲದಿದ್ದರೆ ಚಳಿ. ಹೆಚ್ಚು ದಪ್ಪವಾದರೆ ಸೆಕೆ. ಕಲ್ಲಿದ್ದಲು, ಪೆಟ್ರೋಲ್ ಉರಿಸಿ ನಾವಿಂದು ದಪ್ಪ ಮಾಡುತ್ತಿರುವುದು ಈ ಹೊದಿಕೆಯನ್ನೇ.