ಎರಡನೇ ಬದಿಯ ಮೂರನೇ ಹಾಡು

ಬೆಳಿಗ್ಗೆ ಐದೂವರೆಗೆ ಅಂಗಡಿ ಬಾಗಿಲು ತೆಗೆದು, ದೀಪ ಹಚ್ಚಿ, ಆಮೇಲೆ ನಾನು ಮಾಡುತ್ತಿದ್ದ ಮೊದಲ ಕೆಲಸ ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು. ಹತ್ತಿಗೆ ಕಂದು ಬಣ್ಣದ ನುಣ್ಣನೆಯ ಪುಡಿ ಅಂಟಿಕೊಂಡು ಬರುತ್ತಿತ್ತು. ಹಿಂದಿನ ದಿನ ಓಡಿದ ಟೇಪಿನ ಮೈಯಿಂದ ಉದುರಿದ ಲೇಪ ಅದು. ಆಷಾಢದಲ್ಲಿ ಚಾಮುಂಡಿ ಬೆಟ್ಟಕ್ಕೆ ಮಂಜು ಕವಿದು ತೇವ ಹಿಡಿದರೆ ಪುಡಿ ಇನ್ನೂ ಜಾಸ್ತಿ. ಹಾಡು ಸವೆಯುವುದನ್ನು ನಾನು ಹೀಗೆ ದಿನಾ ಬೆರಳ ತುದಿಯಲ್ಲಿ ನೋಡಿದವನು.

ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ ಗೋಪುರ ಕಾಣುವಷ್ಟು ದೂರದಲ್ಲಿ ನಮ್ಮ ಅಂಗಡಿ. ಅಪ್ಪ ಅಲ್ಲಿ ಹಣ್ಣು-ಕಾಯಿ ಮಾರುತ್ತಿದ್ದರು. 1986ರಲ್ಲಿ ನಾನು ಅದರ ಅರ್ಧ ಜಾಗಕ್ಕೆ ಹಲಗೆ ಹೊಡೆಸಿ ಕ್ಯಾಸೆಟ್ ಇಟ್ಟೆ. ಇಪ್ಪತ್ತೈದು ವರ್ಷ, ಮೊದಲು ಕ್ಯಾಸೆಟ್, ಆಮೇಲೆ ಸಿ.ಡಿ. ಮಾರಿದೆ. ಆ ಇಪ್ಪತ್ತೈದು ವರ್ಷವೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಜನ ತಲೆಯ ಮೇಲೆ ಹೊತ್ತು ಮೆರೆಸುವ ಹಿರಿಯ ಗಾಯಕರು ಹೊಸ ಹಾಡು ತಂದರೆ ಅದು ಮಾತ್ರ ಯಾಕೆ ಮಾರುವುದಿಲ್ಲ? ಕಂಠ ಅದೇ, ಭಕ್ತಿ ಅದೇ. ಎಷ್ಟೋ ಸಲ ಹಾಡು ಹಳೆಯದಕ್ಕಿಂತ ಚೆನ್ನಾಗಿಯೇ ಇರುತ್ತಿತ್ತು. ಆದರೂ ಅದು ಅಟ್ಟಕ್ಕೆ ಹೋಗುತ್ತಿತ್ತು, ಹಳೆಯದು ಕೈಗೆ ಬರುತ್ತಿತ್ತು.

ಈ ಸಂಕಟ ಮೈಸೂರಿಗೆ ಹೊಸದಲ್ಲ ಅಂತ ಹೇಳಿಕೊಟ್ಟವರು ಅರಮನೆ ಬ್ಯಾಂಡಿನಲ್ಲಿ ಪಿಟೀಲು ನುಡಿಸುತ್ತಿದ್ದ ಹಿರಿಯರೊಬ್ಬರು. ಶುಕ್ರವಾರ ತಪ್ಪದೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ದೊಡ್ಡ ನಂದಿಯ ಹತ್ತಿರ ಒಮ್ಮೆ ಕೂತು ಸುಧಾರಿಸಿಕೊಂಡು, ದರ್ಶನ ಮುಗಿಸಿ ನನ್ನ ಬೆಂಚಿನ ಮೇಲೆ ಬಂದು ಕೂರುವರು. ಅವರು ಹೇಳಿದ ಎರಡು ಸಂಗತಿಗಳನ್ನು ಆಮೇಲೆ ಪುಸ್ತಕಗಳಲ್ಲೂ ಓದಿ ಖಾತ್ರಿ ಮಾಡಿಕೊಂಡಿದ್ದೇನೆ.

ಮೊದಲನೆಯದು ಗೌಹರ್ ಜಾನ್ ಅವರದ್ದು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯವರು ಕಲಕತ್ತೆಗೆ ಯಂತ್ರ ಹೊತ್ತು ತಂದಾಗ ಅದರ ಕಹಳೆಗೆ ಬಾಯಿಕೊಟ್ಟು ಹಾಡಿದ ಹೆಣ್ಣುಮಗಳು. ಭಾರತದ ರೆಕಾರ್ಡುಗಳ ಮೊದಲ ದೊಡ್ಡ ತಾರೆ. ಹಾಡು ಮುಗಿಯುತ್ತಿದ್ದಂತೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಿತ್ತಲ್ಲ. ಹತ್ತಾರು ಭಾಷೆ, ನೂರಾರು ರೆಕಾರ್ಡು. ಅಂಥವರು 1928ರಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರುವ ಹೊತ್ತಿಗೆ ಕಾಲ ತಿರುಗಿತ್ತು. 1925ರಿಂದ ಮೈಕಿನ ಮುಂದೆ ಹಾಡುವ ವಿದ್ಯುತ್ ಧ್ವನಿಮುದ್ರಣ ಬಂದಿತ್ತು, ಮೆಲ್ಲಗೆ ಹಾಡುವ ಹೊಸ ಕಂಠಗಳಿಗೆ ದಾರಿಯಾಗಿತ್ತು. 1930ರ ಜನವರಿ 17ರಂದು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹಳೆಯ ತಟ್ಟೆಗಳನ್ನು ಮಾತ್ರ ಜನ ಇವತ್ತಿಗೂ ಹುಡುಕಿಕೊಂಡು ಹೋಗುತ್ತಾರೆ.

ಎರಡನೆಯದು ದೂರದ ರಷ್ಯಾದ ನಿಕೊಲಾಯ್ ಮೆಟ್ನರ್ ಅವರದ್ದು. ದೊಡ್ಡ ಪಿಯಾನೊ ವಿದ್ವಾಂಸರು. ದೇಶ ಬಿಟ್ಟು ಕೊನೆಗೆ ಲಂಡನ್ನಿನಲ್ಲಿ ನೆಲೆಸಿ, ಮುಪ್ಪು, ಕಾಯಿಲೆ, ಬಡತನ ಮೂರರಲ್ಲೂ ಬೆಂದರು. ಅವರ ಸಂಗೀತವನ್ನು ರೆಕಾರ್ಡು ಮಾಡಿದರೆ ಕೊಳ್ಳುವವರಿಲ್ಲ ಅಂತ ಕಂಪನಿಗಳು ಹಿಂದೇಟು ಹಾಕಿದಾಗ, ಖರ್ಚು ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರು. 'ಮೆಟ್ನರ್ ಸೊಸೈಟಿ' ಹೆಸರಿನಲ್ಲಿ ಎಚ್.ಎಂ.ವಿ. ಸಂಪುಟಗಳು 1949ರಿಂದ ಹೊರಬಂದವು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಚಾಮುಂಡಿಯ ಉಪಾಸಕರಾಗಿ 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ದೊರೆ, ಲಂಡನ್ನಿನ ಅಂಗಡಿಗಳಲ್ಲಿ ಓಡದ ಒಬ್ಬ ಮುದುಕರ ಸಂಗೀತವನ್ನು ಕೈಹಿಡಿದು ಉಳಿಸಿದರು. ಆ ಕತೆ ಹೇಳುವಾಗ ಬ್ಯಾಂಡಿನ ಯಜಮಾನರ ಕಣ್ಣು ತುಂಬಿ ಬರುತ್ತಿತ್ತು. "ಅಂಗಡೀಲಿ ಮಾರೋದೇ ಸಂಗೀತ ಅಂದ್ಕೊಬೇಡ ಕಣಪ್ಪಾ" ಅನ್ನುವರು. ನಾನು ಅಂಗಡಿಯವನು, ತಲೆ ತಗ್ಗಿಸಿ ಕೇಳುತ್ತಿದ್ದೆ.

ಈಗ ನನ್ನ ಕಾಲಕ್ಕೆ ಬರುತ್ತೇನೆ. 1963ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಯುರೋಪಿನಲ್ಲಿ ಫಿಲಿಪ್ಸ್ ಕಂಪನಿ ಅಂಗೈಯಗಲದ ಕ್ಯಾಸೆಟ್ಟನ್ನು ಜನರ ಮುಂದಿಟ್ಟಿತು, ಇಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಎಲ್.ಪಿ. ಬಂತು. ಕಾಲು ಶತಮಾನದ ಮೇಲೆ ಇವೆರಡೂ ಸೇರಿ ನನ್ನ ಅಂಗಡಿಗೆ ಅನ್ನ ಹಾಕಿದವು. ದೇವಿಯ ಬೆಟ್ಟದ ಮೇಲೆ ತಿಮ್ಮಪ್ಪನ ಸುಪ್ರಭಾತವನ್ನು ಕೇಳಿ ಪಡೆಯುವವರು ದಿನಕ್ಕೆ ಹತ್ತಾದರೂ ಇರುತ್ತಿದ್ದರು. ಕನ್ನಡದಲ್ಲಿ 1978ರಲ್ಲಿ 'ನಿತ್ಯೋತ್ಸವ' ಬಂತು, ಭಾವಗೀತೆಗಳ ಮೊದಲ ಕ್ಯಾಸೆಟ್, ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ, ನಮ್ಮ ಮೈಸೂರು ಅನಂತಸ್ವಾಮಿಯವರ ರಾಗ. 1987ರಲ್ಲಿ 'ಪ್ರೇಮಲೋಕ' ಬಂದಾಗ ಬೆಟ್ಟದ ಮೇಲೂ ಭಕ್ತಿಗೀತೆಯ ಹಿಂದೆ ಅದನ್ನು ಇಟ್ಟುಕೊಂಡು ಮಾರಿದ್ದೇನೆ. ವಿದ್ಯಾಭೂಷಣರ ದಾಸರ ಪದಗಳು ತಂದ ದಿನವೇ ಖಾಲಿಯಾಗುತ್ತಿದ್ದವು.

ನಮ್ಮಲ್ಲಿ ಎರಡೇ ಜಾತಿಯ ಮಾಲು: ಓಡುವ ಮಾಲು, ಡೆಡ್ ಸ್ಟಾಕ್. ಓಡುವ ಮಾಲು ಯಾಕೆ ಓಡುತ್ತದೆ ಅಂತ ಕಂಪನಿಯವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಾದದ್ದು ರಿಪೇರಿಯಿಂದ. ಜನ ರೀಲು ಸಿಕ್ಕಿಕೊಂಡ ಕ್ಯಾಸೆಟ್ ತಂದು ಕೊಡುತ್ತಿದ್ದರು. ಹಲ್ಲಿನ ತೂತಿಗೆ ಪೆನ್ಸಿಲ್ ತೂರಿಸಿ, ಮಡಿಕೆ ಬಿದ್ದ ಟೇಪನ್ನು ಉಗುರಿನಿಂದ ನೀವಿ ನೀವಿ ಸುತ್ತಿಕೊಡುತ್ತಿದ್ದೆ. ತೀರಾ ಹಾಳಾಗಿದ್ದರೆ "ಇನ್ನೊಂದು ಕೊಟ್ಬಿಡಿ" ಅನ್ನುವರು. ಒಂದೇ ಮನೆಯವರು ಒಂದೇ ಕ್ಯಾಸೆಟ್ಟನ್ನು ಹತ್ತು ವರ್ಷದಲ್ಲಿ ನಾಲ್ಕು ಸಲ ಕೊಂಡದ್ದು ನಾನು ಕಂಡಿದ್ದೇನೆ. ವರಮಹಾಲಕ್ಷ್ಮಿ ಹಬ್ಬಕ್ಕೆ, ಗೃಹಪ್ರವೇಶಕ್ಕೆ, ಶುಕ್ರವಾರದ ಸಂಜೆಗೆ ಆ ಹಾಡಿಲ್ಲದಿದ್ದರೆ ಮನೆಯೇ ಅರ್ಧ ಅನಿಸುತ್ತಿತ್ತು ಅವರಿಗೆ. ಹಳೆಯ ಹಾಡು ಸವೆಯುತ್ತಿತ್ತು, ಸವೆದದ್ದಕ್ಕೇ ಮತ್ತೆ ಮಾರುತ್ತಿತ್ತು. ಹೊಸದನ್ನು ಸವೆಸುವಷ್ಟು ಸಲ ಯಾರೂ ಕೇಳುತ್ತಿರಲಿಲ್ಲ.

ಇನ್ನೊಂದು ಏಟು ಕಾನೂನಿನ ಕಡೆಯಿಂದ ಬಿತ್ತು. ಒಂದು ಹಾಡು ಹೊರಬಂದು ಎರಡು ವರ್ಷ ಕಳೆದರೆ, ತಿಳಿಸಿ, ಗೌರವಧನ ಕಟ್ಟಿ, ಅದನ್ನೇ ಬೇರೆ ಕಂಠದಲ್ಲಿ ಮುದ್ರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶವಿತ್ತು. 2012ರ ತಿದ್ದುಪಡಿ ಅದನ್ನು ಐದು ವರ್ಷಕ್ಕೆ ಏರಿಸಿತು. ನನ್ನ ಕಾಲದ ಎರಡು ವರ್ಷದ ನಿಯಮದಿಂದಾಗಿ ಹಿರಿಯ ಗಾಯಕರ ಹೊಸ ಕ್ಯಾಸೆಟ್ಟಿನ ಒಂದು ಪಕ್ಕದಲ್ಲಿ ಅವರದೇ ಹಳೆಯ ಕ್ಯಾಸೆಟ್ಟು, ಇನ್ನೊಂದು ಪಕ್ಕದಲ್ಲಿ ಅದೇ ಹಳೆಯ ಹಾಡನ್ನು ಯಾರೋ ಹಾಡಿದ ಅಗ್ಗದ ಕ್ಯಾಸೆಟ್ಟು. ಪಾಪದ ಹೊಸದು ನಡುವೆ ಸಿಕ್ಕಿ ಉಸಿರು ಕಟ್ಟುತ್ತಿತ್ತು.

ಇದು ಬರೀ ಭಕ್ತಿಗೀತೆಯ ಕತೆಯಲ್ಲ. ಮಗಳು ಇಂಗ್ಲಿಷ್ ರಾಕ್ ಕೇಳುವವಳು, ಅವಳಿಂದ ತಿಳಿದದ್ದು: ಅಮೆರಿಕದ ಈಗಲ್ಸ್ ತಂಡ 1976ರಲ್ಲಿ ತಂದ ಆಯ್ದ ಹಾಡುಗಳ ಆಲ್ಬಮ್ಮಿಗೆ 2018ರಲ್ಲಿ ಆ ದೇಶವೊಂದರಲ್ಲೇ 3.8 ಕೋಟಿ ಪ್ರತಿಯ ಮನ್ನಣೆ ಸಿಕ್ಕಿತು. ರೋಲಿಂಗ್ ಸ್ಟೋನ್ಸ್ ತಂಡ 2005ರಲ್ಲಿ ಹೊಸ ಆಲ್ಬಮ್ ತಂದು ಅದರ ಹೆಸರಿನಲ್ಲಿ ಎರಡು ವರ್ಷ ಊರೂರು ಸುತ್ತಿ 55 ಕೋಟಿ ಡಾಲರಿಗೂ ಮೇಲೆ ಸಂಪಾದಿಸಿತು. ಸೇರಿದ ಜನ ಕಾದದ್ದು ಮಾತ್ರ ನಲವತ್ತು ವರ್ಷದ ಹಿಂದಿನ ಹಾಡುಗಳಿಗೆ. ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ ಅವರ ತಂಡದ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ, ಎರಡನೆಯದು 2013ರಲ್ಲಿ. ಮಗಳು ಎರಡನ್ನೂ ಇಟ್ಟುಕೊಂಡಿದ್ದಾಳೆ, ಸ್ಕೂಟರಿನಲ್ಲಿ ಗುನುಗುವುದು ಮೊದಲನೆಯದರಲ್ಲಿರುವ ಶರೀಫರ ಪದ. ಯಾಕಮ್ಮಾ ಅಂದರೆ, "ಅದು ಕಾಲೇಜಿಗೆ ಸೇರಿದ ವರ್ಷ ಕೇಳಿದ್ದು ಅಪ್ಪಾ" ಅಂದಳು.

ಆ ಮಾತಿನಲ್ಲಿ ನನ್ನ ಇಪ್ಪತ್ತೈದು ವರ್ಷದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ಜಾಗದ್ದು. ಹಾಡಿಗೆ ನಿಲ್ಲಲು ಒಂದು ಜಾಗ ಬೇಕು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಶುರುಮಾಡಿದ ಆಕಾಶವಾಣಿ ಅಂಥ ಜಾಗ. ಟೆಂಟಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ಹಾಕುತ್ತಿದ್ದ ಹಾಡು, ಮದುವೆ ಮನೆಯ ಲೌಡ್‌ಸ್ಪೀಕರು, ಶಾಲೆಯ ಪ್ರಾರ್ಥನೆ, ಇವೆಲ್ಲ ಅಂಥ ಜಾಗಗಳು. ಅನಂತಸ್ವಾಮಿಯವರು ಹೋದದ್ದು 1995ರಲ್ಲಿ. ಅವರ ರಾಗದಲ್ಲೇ ನಾಡಗೀತೆ ಹಾಡಬೇಕೆಂದು ಸರ್ಕಾರ ಆದೇಶ ಮಾಡಿದ್ದು 2022ರಲ್ಲಿ. ಮಕ್ಕಳು ಬೆಳಿಗ್ಗೆ ಸಾಲಾಗಿ ನಿಂತು ಹಾಡುವ ಹಾಡಿಗೆ ಸಾವಿಲ್ಲ. ಹಿರಿಯ ಗಾಯಕರು ಹೊಸ ಕ್ಯಾಸೆಟ್ ತರುವ ಹೊತ್ತಿಗೆ ಈ ಜಾಗಗಳೆಲ್ಲ ಅವರ ಹಳೆಯ ಹಾಡುಗಳಿಂದಲೇ ತುಂಬಿ ಹೋಗಿದ್ದವು. ನನ್ನ ಅಂಗಡಿಯೂ ಅಂಥದೊಂದು ಜಾಗವಾಗಿತ್ತು, ಅದನ್ನು ನಾನು ಸರಿಯಾಗಿ ಬಳಸಲಿಲ್ಲ. ಅದನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ.

1998ರ ಸುಮಾರು. ಒಬ್ಬ ಹೆಸರಾಂತ ಗಾಯಕರ ಹೊಸ ದೇವಿಗೀತೆಗಳ ಕ್ಯಾಸೆಟ್ ಬಂದಿತ್ತು. ವಿತರಕರ ಮಾತು ನಂಬಿ ಐವತ್ತು ತಂದೆ. ನಾಲ್ಕು ಹೋಯಿತು. ಉಳಿದದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಹಲಗೆಯ ಕೆಳಗೆ ತಳ್ಳಿದೆ. ಕಾರ್ತಿಕ ಮಾಸದ ಒಂದು ಮಧ್ಯಾಹ್ನ, ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಅಂಗಡಿಯ ಮುಂದೆ ಒಬ್ಬರು ನಿಂತಿದ್ದಾರೆ. ಆಗ ಓಡುತ್ತಿದ್ದದ್ದು ಇಪ್ಪತ್ತು ವರ್ಷದ ಹಿಂದಿನ ಅವರದೇ ಹಾಡು. ಕಣ್ಣುಮುಚ್ಚಿ ಕೇಳಿದರು. ಮುಗಿದ ಮೇಲೆ, "ಈಚಿನದು ಇಲ್ವೇನಪ್ಪಾ?" ಅಂದರು.

ನಾನು ಬಗ್ಗಿ ಪೆಟ್ಟಿಗೆ ಎಳೆದು, ಟವಲಿನಲ್ಲಿ ಧೂಳು ಒರೆಸಿ ಒಂದನ್ನು ಕೊಟ್ಟೆ. ಪ್ಲಾಸ್ಟಿಕ್ ಹೊದಿಕೆ ಹರಿದಿರಲಿಲ್ಲ, ಒಳಗಿನ ಹಾಳೆಗೆ ಬೂಷ್ಟು ಹಿಡಿದಿತ್ತು. ಅವರು ಅದನ್ನು ಅಂಗೈ ಮೇಲಿಟ್ಟುಕೊಂಡು ಹೇಳಿದರು: "ಎರಡನೇ ಬದಿ, ಮೂರನೇ ಹಾಡು ಹಾಕು. ಅದನ್ನ ನಾನು ಮನಸ್ಸಿಟ್ಟು ಹಾಡಿದೀನಿ."

ಹಾಕಿದೆ. ಪಲ್ಲವಿ ಮುಗಿದು ಚರಣಕ್ಕೆ ಬಂದಿತ್ತು. ಅಷ್ಟರಲ್ಲಿ 201ನೇ ನಂಬರ್ ಬಸ್ಸು ಬಂತು. ಇಳಿದ ಹೆಂಗಸರೊಬ್ಬರು ನೇರ ಬಂದು, "ಅಣ್ಣಾ, ಅವರ ಹಳೇದು ಇದ್ಯಲ್ಲಾ, ಅದು ಚೆನ್ನಾಗಿ ಓಡತ್ತಾ ಒಂದ್ಸಲ ಹಾಕಿ ತೋರ್ಸಿ" ಅಂದರು. ವ್ಯಾಪಾರದ ಹೊತ್ತು. ನಾನು ಬಟನ್ ಒತ್ತಿ ಹೊಸ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಹಳೆಯದನ್ನು ಹಾಕಿದೆ. ತಲೆಯೆತ್ತಿ ನೋಡುವಷ್ಟರಲ್ಲಿ ಅವರು ಶಲ್ಯ ಸರಿಮಾಡಿಕೊಂಡು ದೇವಸ್ಥಾನದ ಕಡೆ ನಡೆದಿದ್ದರು. ಆ ಇಪ್ಪತ್ತೈದು ರೂಪಾಯಿಯ ವ್ಯಾಪಾರ ಈಗಲೂ ನನ್ನನ್ನು ಚುಚ್ಚುತ್ತದೆ.

ಆಮೇಲಿನದು ಬೇಗ ಮುಗಿಯಿತು. ನೂರು ಹಾಡು ತುಂಬಿದ ಎಂ.ಪಿ.3 ಸಿ.ಡಿ. ಬಂತು, ಅದು ಸವೆಯಲಿಲ್ಲ, ಮತ್ತೆ ಕೊಳ್ಳುವವರು ನಿಂತರು. ಮೊಬೈಲು ಬಂತು, ಕೊಳ್ಳುವುದೇ ನಿಂತಿತು. 2011ರಲ್ಲಿ ನಾನು ಬಳೆ, ಕುಂಕುಮ, ದೇವಿಯ ಪಟ ಇಟ್ಟೆ. 2017ರ ದಸರಾ ಉದ್ಘಾಟನೆಗೆ ನಿಸಾರ್ ಅಹಮದ್ ಅವರು ಇದೇ ಬೆಟ್ಟಕ್ಕೆ ಬಂದರು, 2023ರಲ್ಲಿ 'ಪ್ರೇಮಲೋಕ'ದ ಹಾಡುಗಳ ಹಂಸಲೇಖ ಅವರು ಬಂದರು. ಎರಡು ಸಲವೂ ಅಂಗಡಿ ಮುಂದಿನ ಜನ ಮಾತಾಡಿಕೊಂಡದ್ದು 'ನಿತ್ಯೋತ್ಸವ'ದ ಬಗ್ಗೆ, 'ಪ್ರೇಮಲೋಕ'ದ ಬಗ್ಗೆ. ಆ ನಡುವಿನ ವರ್ಷಗಳಲ್ಲಿ ಅವರಿಬ್ಬರೂ ಎಷ್ಟು ಬರೆದಿದ್ದಾರೆ! ಅದನ್ನು ಕೂಗಿ ಹೇಳಬೇಕು ಅನಿಸಿತು.

ಟೇಪ್ ರೆಕಾರ್ಡರ್ ಮಾತ್ರ ಕೊಟ್ಟಿಲ್ಲ. ಬೆಲ್ಟು ಎರಡು ಸಲ ಬದಲಾಯಿಸಿದ್ದೇನೆ. ಆ ಗಾಯಕರು ಈಗಿಲ್ಲ. ಅವರು ತೀರಿಕೊಂಡ ವರ್ಷದಿಂದ ಪ್ರತಿ ಶುಕ್ರವಾರ ಬಾಗಿಲು ತೆಗೆದ ಕೂಡಲೇ ಎರಡನೇ ಬದಿಯ ಮೂರನೇ ಹಾಡು ಹಾಕುತ್ತೇನೆ, ಪೂರ್ತಿ. ಪೆಟ್ಟಿಗೆಯಲ್ಲಿದ್ದ ಕ್ಯಾಸೆಟ್ಟುಗಳಲ್ಲಿ ಮೂರು ಹೀಗೇ ಸವೆದವು, ಈಗ ನಾಲ್ಕನೆಯದು ಓಡುತ್ತಿದೆ. ಹೋದ ಆಷಾಢದಲ್ಲಿ, ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದ ಒಬ್ಬ ಹುಡುಗ ಅಂಗಡಿ ಕಂಬಕ್ಕೆ ಒರಗಿ ಹಾಡು ಮುಗಿಯುವವರೆಗೂ ನಿಂತಿದ್ದ. ಆಮೇಲೆ ಕೇಳಿದ:

"ಅಂಕಲ್, ಈ ಹಳೇ ಹಾಡು ಎಲ್ಲಿ ಸಿಗತ್ತೆ?"