ದಮಾಮಿಯ ಸದ್ದಿನ ಹಿಂದೆ

ಕಾಳಿ ನದಿಯಲ್ಲಿ ದೋಣಿ ವಿಹಾರಕ್ಕೆ ಬಂದವರಿಗೆ ಸಂಜೆ ಸಿದ್ದಿ ಕಲಾವಿದರ ದಮಾಮಿ ಕುಣಿತ ತೋರಿಸುವ ಪರಿಪಾಠ ದಾಂಡೇಲಿ, ಜೊಯಿಡಾ ಕಡೆಯ ರೆಸಾರ್ಟುಗಳಲ್ಲಿ ಬೆಳೆದಿದೆ. ನಾವೂ ಹಾಗೆ ಕುಳಿತು ನೋಡಿದವರೇ. ಚರ್ಮ ಬಿಗಿದ ವಾದ್ಯ ಸದ್ದು ಮಾಡಿದಾಗ ನೋಡುವವರ ಕಾಲೂ ಅಲುಗುತ್ತದೆ. ಬಳಿಕ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತೇವೆ. ಇವರು ಈ ಕಾಡಿಗೆ ಹೇಗೆ ಬಂದರೆಂದು ಕೇಳುವವರು ಕಡಿಮೆ.

ಸಿದ್ದಿಗಳ ಪೂರ್ವಜರೂ ನೀರಿನ ಮೇಲೆಯೇ ಬಂದರು. ಆದರೆ ಅದು ವಿಹಾರವಾಗಿರಲಿಲ್ಲ. ಪೂರ್ವ ಆಫ್ರಿಕಾದಿಂದ ಅವರನ್ನು ಗುಲಾಮರಾಗಿ ಹಡಗೇರಿಸಲಾಯಿತು. ಈ ವ್ಯಾಪಾರದಲ್ಲಿ ಅರಬ್ ವರ್ತಕರ ಪಾಲೂ ಇತ್ತು. ಅದನ್ನು ನಾವು ಮರೆಮಾಚಬೇಕಾಗಿಲ್ಲ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾದ ಮೇಲೆ ಅಲ್ಲಿಗೂ ಆಫ್ರಿಕಾದ ಗುಲಾಮರು ಬಂದರು. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತವನ್ನೇ ಹಿಡಿದು ಮೊಗಲರನ್ನು ಎದುರಿಸಿದ, 1626ರಲ್ಲಿ ತೀರಿಕೊಂಡ. ಅವನ ಹೆಸರು ಚರಿತ್ರೆಯಲ್ಲಿದೆ. ಗೋವಾದ ಯಜಮಾನರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಆ ಕಾಡು ಯಲ್ಲಾಪುರದ ಸುತ್ತಲೂ, ಅಂಕೋಲಾದತ್ತ ಇಳಿಯುವ ಅರಬೈಲ್ ಘಟ್ಟದ ಆಸುಪಾಸಿನಲ್ಲೂ ಹಬ್ಬಿದೆ. ಯಲ್ಲಾಪುರ, ಅಂಕೋಲಾ ಕಡೆಯ ಸಿದ್ದಿಗಳಲ್ಲಿ ಹಿಂದೂಗಳು ಹೆಚ್ಚು. ಹಳಿಯಾಳದ ಕಡೆ ಮುಸ್ಲಿಮರು, ಕ್ರೈಸ್ತರು ಹೆಚ್ಚು. ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನಲ್ಲಿ ವರ್ಷಕ್ಕೊಮ್ಮೆ ಸಿದ್ದಿನಾಸನ ಹಬ್ಬ ನಡೆಯುತ್ತದೆ. ಪೂಜೆ ಹಿಂದೂ ಸಿದ್ದಿಗಳದ್ದು, ಕೂಟ ಮಾತ್ರ ಮೂರು ಧರ್ಮದ ಸಿದ್ದಿಗಳದ್ದು. ಮಸೀದಿ, ಇಗರ್ಜಿ, ಗುಡಿಗಳ ದಾರಿ ಬೇರೆಯಾದರೂ ಅಲ್ಲಿ ಬಂಧುತ್ವ ಕಡಿದಿಲ್ಲ. ದಮಾಮಿಯ ಸದ್ದಿಗೆ ಹೆಜ್ಜೆ ಹಾಕಲು ಯಾರೂ ಯಾರ ಧರ್ಮವನ್ನೂ ಕೇಳುವುದಿಲ್ಲ.

ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, ಸ್ವಾತಂತ್ರ್ಯ ಬಂದು 56 ವರ್ಷಗಳಾಗುವ ಹೊತ್ತಿಗೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಈ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರಾದರು. ಆದರೂ ಇಲ್ಲೇ ಹುಟ್ಟಿ ಕನ್ನಡ ಮಾತಾಡುವ ಸಿದ್ದಿ ಹುಡುಗನನ್ನು ನಗರದಲ್ಲಿ 'ಯಾವ ದೇಶದವನು' ಎಂದು ಕೇಳುವುದು ನಿಂತಿಲ್ಲ.

ಪ್ರವಾಸಿಗರೆದುರು ಕುಣಿದು ನಾಲ್ಕು ಕಾಸು ಸಂಪಾದಿಸುವುದು ತಪ್ಪಲ್ಲ; ಕಲೆಗೆ ಕೂಲಿ ಸಿಗಬೇಕು. ಆದರೆ ಹಬ್ಬದಲ್ಲಿ ತಮಗಾಗಿ ಕುಣಿಯುವವರು ಅಲ್ಲಿ ಇತರರಿಗಾಗಿ ಕುಣಿಯುತ್ತಾರೆ. ಮುಂದಿನ ಸಲ ದಮಾಮಿಯ ಸದ್ದು ಕೇಳಿದಾಗ ಬಾರಿಸುವವರನ್ನು ನಾವು ನೆಂಟರಂತೆ ಕಂಡು ಮಾತಾಡಿಸೋಣ. ಅವರ ಚರಿತ್ರೆ ಕರ್ನಾಟಕದ ಚರಿತ್ರೆಯೇ.